ಅಡಿಗೆಮನೆಗೆ ಮುಖ ಮಾಡಿದ ಶ್ರುತಿ

ಪೆಟ್ಟಿಗೆ ಎಂಟು ತಿಂಗಳಿಂದ ಮಂಚದ ಕೆಳಗಿತ್ತು. ದ್ವೀಪದ ಜ್ವಾಲಾಮುಖಿ ಬೆಟ್ಟ ಉಗುಳಿದ ಬೂದಿಯನ್ನು ದಿನಕ್ಕೆರಡು ಸಲ ಗುಡಿಸುವಾಗ ಡೋರ್ಕಸ್ ಅದನ್ನು ಎಳೆದು, ಒರೆಸಿ, ಮತ್ತೆ ಒಳಕ್ಕೆ ತಳ್ಳುತ್ತಿದ್ದಳು. ಒಳಗಿದ್ದದ್ದು ಬಿಡಿಬಿಡಿಯಾಗಿ ಬಂದ ಎಲೆಕ್ಟ್ರಿಕ್ ಗಿಟಾರು. ಚರ್ಚಿನ ಬ್ಯಾಂಡಿಗೆ ಕೂಡಿಸಿಕೊಡುತ್ತೇನೆಂದು ಅವಳ ಗಂಡ ಟೊಬುಂಗ್ ಬ್ರಿಸ್ಬೇನಿನಿಂದ ತರಿಸಿದ್ದ. ತೆರೆದ ದಿನವೇ ಒಂದು ಸ್ಕ್ರೂ ನೆಲಹಲಗೆಯ ಸಂದಿಯಿಂದ ಮನೆಯಡಿಗೆ ಉದುರಿತು. "ಇದಕ್ಕೆಲ್ಲ ಪುರುಸೊತ್ತು ಬೇಕು ಕಣೇ" ಎಂದು ಮುಚ್ಚಳ ಹಾಕಿದ. ಪುರುಸೊತ್ತು ಆ ಮನೆಯಲ್ಲಿ ಇದ್ದದ್ದು ಅವನೊಬ್ಬನಿಗೇ. ಅದು ಅಡಿಕೆ ಜಗಿಯುವುದಕ್ಕೆ ಸರಿಹೋಗುತ್ತಿತ್ತು.

ಆ ಸ್ಕ್ರೂವನ್ನು ಡೋರ್ಕಸ್ ಮಾರನೆಯ ಬೆಳಿಗ್ಗೆಯೇ ಹುಡುಕಿ ಉಪ್ಪಿನ ಡಬ್ಬಿಯಲ್ಲಿ ಇಟ್ಟಿದ್ದಳು.

ಅವಳು ಪೆಟ್ಟಿಗೆ ತೆರೆದದ್ದು ಸೋದರಮಾವ ಟೊಮಾನಿಯ ಬೆರಳುಗಳು ಮರಗಟ್ಟಿದ ವರ್ಷ. ಆ ದ್ವೀಪದ ಕಡೆ ಒಂದೊಂದು ಹಳ್ಳಿಯ ಗಿಟಾರಿಗೆ ಒಂದೊಂದು ಶ್ರುತಿ. ಆರು ತಂತಿಗಳನ್ನು ಎಷ್ಟೆಷ್ಟು ಬಿಗಿಯಬೇಕು, ಎಷ್ಟೆಷ್ಟು ಸಡಿಲಿಸಬೇಕು ಅನ್ನುವುದು ಹಳ್ಳಿಯ ಗುಟ್ಟು. ಅವರ ಹಳ್ಳಿಯ ಗುಟ್ಟು ಈಗ ಉಳಿದಿದ್ದದ್ದು ಟೊಮಾನಿಯ ತಲೆಯಲ್ಲಿ ಮಾತ್ರ. ಜಮೀನು ಹೇಗೋ ಹಾಗೆ ಶ್ರುತಿಯೂ ತಾಯಿಯ ಕಡೆಯಿಂದ ಇಳಿಯಬೇಕು. ಮಾವನಿಂದ ಅಕ್ಕತಂಗಿಯರ ಮಕ್ಕಳಿಗೆ. ಡೋರ್ಕಸಳ ಅಣ್ಣಂದಿರಿಬ್ಬರೂ ಗುಂಡಿ ಒತ್ತಿದರೆ ತಾಳ ತಾನೇ ಬಡಿಯುವ ಕೀಬೋರ್ಡಿಗೆ ಮನಸೋತಿದ್ದರು.

"ನನ್ ಜೊತೆನೇ ಮಣ್ಣಿಗೆ ಹೋಗ್ಲಿ ಬಿಡು" ಎಂದ ಮುದುಕ, ಅವಳು ಗಂಜಿ ಕೊಡಲು ಹೋದಾಗ. "ಕೊಡೋಕೆ ಯಾರಿದಾರೆ?"

ಡೋರ್ಕಸ್ ಅವನ ಬಾಯಿ ಒರೆಸಿದಳು. ಮನೆಗೆ ಬಂದವಳೇ ಊಟದ ಮೇಜು ತೆರವು ಮಾಡಿ ಪೆಟ್ಟಿಗೆ ಇಟ್ಟಳು.

"ಊಟ ಎಲ್ಲಿ ಮಾಡೋದು?" ಎಂದ ಟೊಬುಂಗ್.

"ಅಡಿಕೆ ಎಲ್ಲಿ ಜಗೀತೀಯೋ ಅಲ್ಲೇ."

ಬೆಳಿಗ್ಗೆ ಬೆಟ್ಟದ ಬುಡದ ಬಿಸಿ ಬೂದಿಯಲ್ಲಿ ತೋಳುದ್ದ ಕೈಯಿಳಿಸಿ ಕಾಡುಕೋಳಿ ಕಾವಿಗೆಂದು ಹೂತಿಟ್ಟ ಮೊಟ್ಟೆ ತೆಗೆದು, ಸಂತೆಯಲ್ಲಿ ಮಾರಿ, ಗೆಡ್ಡೆ ಬೇಯಿಸಿಟ್ಟು, ಬಟ್ಟೆ ಒಣಗುವ ಹೊತ್ತಿನಲ್ಲಿ ಅವಳು ಗಿಟಾರಿಗೆ ಕೂರುತ್ತಿದ್ದಳು. ಪೆಟ್ಟಿಗೆಯ ಜೊತೆ ಬಂದ ಚೀಟಿಯಲ್ಲಿದ್ದ ಚಿತ್ರಗಳನ್ನು ಹೊಲಿಗೆಯ ನಮೂನೆ ಓದಿದಂತೆ ಓದಿದಳು. ಒಲೆಯಲ್ಲಿ ತಾಮ್ರದ ಸರಳು ಕಾಯಿಸಿ ವೈರುಗಳಿಗೆ ಬೆಸುಗೆ ಹಾಕಿದಳು. ತಂತಿಗಳ ಕೆಳಗೆ ಕೂರುವ ಅಯಸ್ಕಾಂತದ ತುಂಡನ್ನು ಎತ್ತಿಕೊಂಡಾಗ, ಅವಳ ರವಿಕೆಯ ಪಿನ್ನು ತಾನಾಗಿ ಅದರತ್ತ ವಾಲಿತು. ಡೋರ್ಕಸ್ ಚೀಟಿಯತ್ತ ಬಗ್ಗಿದಳು. ಈ ತುಂಡು ತಂತಿಯನ್ನು ಮುಟ್ಟುವುದೇ ಇಲ್ಲವಂತೆ. ಹತ್ತಿರ ಸುಮ್ಮನೆ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತದಂತೆ. ಪಿನ್ನನ್ನು ಬಿಡಿಸಿ, ಮತ್ತೆ ಹಿಡಿದು, ಅದು ವಾಲುವುದನ್ನು ಇನ್ನೊಮ್ಮೆ ನೋಡಿದಳು.

ಎಡವಟ್ಟಾದದ್ದು ಮರಕ್ಕೆ ಮೆರುಗು ಕೊಡುವಾಗ. ಕೂದಲಿಗೆ, ಕೂಸಿಗೆ, ಕತ್ತಿಯ ಹಿಡಿಗೆ ಎಲ್ಲಕ್ಕೂ ತೆಂಗಿನೆಣ್ಣೆ ಹಚ್ಚುವ ಊರು. ಅವಳು ಗಿಟಾರಿಗೂ ಧಾರಾಳವಾಗಿ ಹಚ್ಚಿ ಬಿಸಿಲಿಗಿಟ್ಟಳು. ಎಣ್ಣೆ ಒಣಗಲಿಲ್ಲ. ಮಧ್ಯಾಹ್ನ ಬೆಟ್ಟ ಕೆಮ್ಮಿತು. ಹಿಟ್ಟು ಹೊರಳಿಸಿದ ಮೀನಿನಂತೆ ಗಿಟಾರು ಬೂದಿಯಲ್ಲಿ ಮುಳುಗಿತು.

"ಇನ್ನು ಬಾಣಲೆಗೆ ಹಾಕೋದೊಂದು ಬಾಕಿ" ಎಂದು ಟೊಬುಂಗ್ ನಕ್ಕ.

ಅವಳಿಗೆ ಅಳು ಬಂತು. ಬಂದರೂ ಕೈ ತನ್ನ ರೂಢಿಯನ್ನು ಬಿಡಲಿಲ್ಲ. ಇಪ್ಪತ್ತು ವರ್ಷ ಪಾತ್ರೆಯ ಮಸಿಯನ್ನು ಇದೇ ಬೂದಿಯಲ್ಲಿ ತಿಕ್ಕಿದ ಕೈ ಅದು. ಚಿಂದಿ ಬಟ್ಟೆ ಸುತ್ತಿಕೊಂಡು ಉಜ್ಜತೊಡಗಿದಳು. ಒಂದು ಮೂಲೆ ಒರೆಸಿ ನೋಡಿದರೆ ಮರ ನೀರಿನಂತೆ ನುಣುಪಾಗಿತ್ತು. ಬೂದಿ ಮರದ ಸಣ್ಣ ಸಣ್ಣ ಬಿರುಕುಗಳಿಗೆ ಇಳಿದು, ಪೇಲವ ಹಲಗೆಯ ಮೇಲೆ ಹೊಗೆಯ ಗೆರೆಗಳನ್ನು ಎಬ್ಬಿಸಿತ್ತು. ಯಾರೂ ಬರೆಯದ ಗೆರೆಗಳು. ಆರು ದಿನ ಉಜ್ಜಿದಳು. ಮನೆಮನೆ ಹೊಕ್ಕು, ಚಾವಣಿಗಳನ್ನು ಮುರಿದು, ಅವಳ ಪ್ರಾಯವನ್ನೆಲ್ಲ ಪೊರಕೆಗೆ ಕಟ್ಟಿಹಾಕಿದ ಬೂದಿ ಈಗ ಅವಳ ಅಂಗೈಯಡಿ ಹೊಳೆಯುತ್ತಿತ್ತು. ಟೊಬುಂಗ್ ಬಂದು ಬೆರಳಾಡಿಸಿ ನೋಡಿದವನು ಈ ಸಲ ನಗಲಿಲ್ಲ.

ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಜನರೇಟರು ಇನ್ನೂ ಓಡುತ್ತಿತ್ತು. ಗಂಡಸರು ಮರದ ಕೆಳಗೆ ಬೆಂಚುಗಳಲ್ಲಿ, ಹೆಂಗಸರು ಎದುರಿನ ಅಡಿಗೆ ಚಪ್ಪರದಲ್ಲಿ. ಕಾದ ಕಲ್ಲುಗಳನ್ನು ಇಕ್ಕಳದಲ್ಲಿ ಎತ್ತಿ ತೆಂಗಿನಹಾಲಿನ ಸೊಪ್ಪಿಗೆ ಹಾಕುತ್ತಿದ್ದರು. ಡೋರ್ಕಸ್ ತನ್ನ ಇಕ್ಕಳವನ್ನು ಗಂಡನ ಕೈಗಿಟ್ಟು ಗಿಟಾರು ಎತ್ತಿಕೊಂಡಳು.

"ಏನಮ್ಮಾ, ಅದರಲ್ಲಿ ಗೆಡ್ಡೆ ಹೆಚ್ತೀಯಾ?" ಎಂದ ಒಬ್ಬ.

ಅವಳು ಸ್ಪೀಕರಿನ ವೈರು ಸಿಕ್ಕಿಸಿ, ಗಂಡಸರಿಗೆ ಬೆನ್ನು ಹಾಕಿ ನಿಂತು, ತಂತಿ ಬಿಗಿಯುವ ಕಿವಿಗಳನ್ನು ತಿರುವತೊಡಗಿದಳು. ಬೆಂಚುಗಳ ಮೇಲಿನ ಮಾತು ನಿಂತಿತು. ಶ್ರುತಿ ಮಾಡುವಾಗ ಹಾಗೆ ಬೆನ್ನು ಹಾಕುತ್ತಿದ್ದವನು ಟೊಮಾನಿ ಒಬ್ಬನೇ. ಒಂದೊಂದಾಗಿ ತಂತಿಗಳು ಇಳಿದವು, ಏರಿದವು. ಆರೂ ಕೂಡಿ ಮೀಟಿದಾಗ ಎದ್ದ ನಾದ ಚರ್ಚಿನ ತಗಡನ್ನು ನಡುಗಿಸಿ, ನೆಲದಿಂದ ಅಂಗಾಲಿಗೆ ಹತ್ತಿತು. ಚಪ್ಪರದ ಹೆಂಗಸರು ಕಾದ ಕಲ್ಲನ್ನು ಇಕ್ಕಳದಲ್ಲೇ ಹಿಡಿದು ನಿಂತರು. ಇಪ್ಪತ್ತು ವರ್ಷದ ಹಿಂದೆ ಬೆಟ್ಟ ಸಿಡಿದಾಗ ಬೂದಿಯಲ್ಲಿ ಹೂತುಹೋದ ಬೀದಿಗಳು ಆ ಸದ್ದಿನಲ್ಲಿ ಎದ್ದು ನಿಂತಂತಾಯಿತು.

ಟೊಮಾನಿ ಕೋಲೂರಿ ಬಂದ.

"ಯಾರು ಹೇಳಿಕೊಟ್ರು?"

"ನೀನೇ ಮಾವ."

"ನಾನಾ? ಒಬ್ಬರಿಗೂ ಕಾಣದ ಹಾಗೆ ತಿರುಗಿ ನಿಂತ್ಕೋತಿದ್ದೆ."

"ತಿರುಗಿ ನಿಂತ್ಕೊಂಡ್ರೆ ಎದುರಿಗೆ ಏನಿರ್ತಿತ್ತು?"

ಮುದುಕ ತಲೆಯೆತ್ತಿ ನೋಡಿದ. ಎದುರಿಗೆ ಅಡಿಗೆ ಚಪ್ಪರವಿತ್ತು. ಕದಿಯಬಹುದಾದವರಿಗೆಲ್ಲ ಬೆನ್ನು ಹಾಕಿ, ಜೀವಮಾನವಿಡೀ ಅವನು ಗುಟ್ಟನ್ನು ಬಿಚ್ಚಿಟ್ಟದ್ದು ಇಕ್ಕಳ ಹಿಡಿದ ಹೆಂಗಸರ ಕಣ್ಣೆದುರು. ಅಲ್ಲಿ ಯಾರಾದರೂ ಇದ್ದಾರೆಂದು ಅವನಿಗೆ ಒಂದು ದಿನವೂ ಹೊಳೆದಿರಲಿಲ್ಲ.

"ಕೈ ಹೊಸದು, ಕಿವಿ ಹಳೇದು ಮಾವ" ಎಂದಳು ಡೋರ್ಕಸ್.

ಈಗ ಮುದುಕ ಒಲ್ಲೆ ಎಂದರೆ ಅಲ್ಲಿಗೆ ಮುಗಿಯಿತು. ಮಾವ ಕೊಡದ ಶ್ರುತಿ ಕದ್ದ ಶ್ರುತಿ, ಅದನ್ನು ಮತ್ತೆ ಮೀಟುವಂತಿಲ್ಲ. ಅವನ ಸೊಟ್ಟ ಬೆರಳುಗಳು ಗಿಟಾರಿನ ಕಿವಿಯನ್ನು ತಡಕಿದವು, ತಿರುಗಿಸಲಾಗಲಿಲ್ಲ. ಅವಳ ಕೈಯ ಮೇಲೆ ಕೈಯಿಟ್ಟ.

"ಐದನೇದು. ಇನ್ನೂ ಕೂದಲೆಳೆಯಷ್ಟು ಇಳಿಸು, ಮತುವನ."

ಮತುವನ ಎಂದರೆ ಅಕ್ಕತಂಗಿಯರ ಕೂಸು. ಅವರ ಭಾಷೆಯಲ್ಲಿ ಆ ಮಾತು ಗಂಡಿಗೂ ಅದೇ, ಹೆಣ್ಣಿಗೂ ಅದೇ. ಮಾವ ಇಷ್ಟು ವರ್ಷ ಅದನ್ನು ಅವಳ ಅಣ್ಣಂದಿರಿಗೆ ಮಾತ್ರ ಬಳಸಿದ್ದ.

ಡೋರ್ಕಸ್ ಕೂದಲೆಳೆಯಷ್ಟು ಇಳಿಸಿದಳು. ಚಪ್ಪರದಲ್ಲಿ ಸೊಪ್ಪು ತಳಹಿಡಿದ ವಾಸನೆ ಎದ್ದಿತು. ಟೊಬುಂಗ್ ಇಕ್ಕಳ ಹಿಡಿದು ಒಲೆಯ ಕಡೆ ಓಡಿದ; ಅವಳು ತಿರುಗಿ ನೋಡದೆ ಐದನೆಯ ತಂತಿಯನ್ನು ಮೀಟಿದಳು.