ನೀರುನಾಯಿಯ ಕಲ್ಲಿನ ಮೇಲೆ ನಾನಿದ್ದೆ

ಮಾಯ, ಕಣ್ಕಟ್ಟು ಎಂದವರನ್ನೆಲ್ಲ ನೋಡಿ ನಗುತ್ತಾ ಬಂದವಳು ನಾನು. ಓದಿದ್ದು ನಾಲ್ಕನೇ ತರಗತಿ. ಆದರೂ ಕಣ್ಣಿಗೆ ಕಾಣದ್ದನ್ನು ನಂಬಬಾರದು ಎನ್ನುವಷ್ಟು ಬುದ್ಧಿ ಇತ್ತು. ಮೊಮ್ಮಗಳು ಶ್ರಾವ್ಯಳ ಕಂಪ್ಯೂಟರನ್ನೂ ಆ ಸಾಲಿಗೇ ಸೇರಿಸಿದ್ದೆ. ಈಗ ಹೇಳುವುದನ್ನು ಕೇಳಿ ನೀವು ನಕ್ಕರೆ ನನಗೆ ಬೇಸರವಿಲ್ಲ. ಅಷ್ಟು ಸಂತೋಷದಲ್ಲಿದ್ದೇನೆ!

ಶ್ರಾವ್ಯ ನೀರುನಾಯಿಗಳ ಲೆಕ್ಕ ಮಾಡುವವಳು. ಬೆಳ್ತಂಗಡಿ, ಮೂಡುಬಿದಿರೆ, ಬಂಟ್ವಾಳದ ಹೊಳೆಗಳನ್ನೆಲ್ಲ ನಕ್ಷೆಯಲ್ಲಿ ಚೌಕ ಚೌಕ ಮಾಡಿದ್ದಳು. ಕೆಲವು ಚೌಕಗಳಲ್ಲಿ ತಾನೇ ಇಳಿದು ಹೆಜ್ಜೆಗುರುತು, ಮೀನಿನ ಮುಳ್ಳು ತುಂಬಿದ ಹಿಕ್ಕೆ ಹುಡುಕುತ್ತಾಳೆ. ಹೋಗಲಾಗದ ಚೌಕದಲ್ಲಿ ಎಷ್ಟಿರಬಹುದು ಎಂದು ಸುತ್ತಲಿನ ಚೌಕ, ನೀರಿನ ಆಳ, ದಡದ ಮರ ಎಲ್ಲ ನೋಡಿ ಕಂಪ್ಯೂಟರು ಅಂದಾಜು ಕೊಡುತ್ತದೆ.

"ಕಾಣದ್ದನ್ನು ಲೆಕ್ಕ ಮಾಡುವುದೆಂತ ಮಾರಾಯ್ತಿ?" ಎಂದು ಕೇಳಿದ್ದೆ.

"ವೇಣೂರಲ್ಲಿ ಮಳೆ, ಅಳದಂಗಡಿಯಲ್ಲೂ ಮಳೆ ಅಂತ ಫೋನು ಬಂದ್ರೆ ನಡುವಿನ ಊರಲ್ಲಿ ಯಾರಾದ್ರೂ ಹಪ್ಪಳ ಒಣಗ್ಲಿಕ್ಕೆ ಹಾಕ್ತಾರಾ ಅಜ್ಜಿ?"

ಹಪ್ಪಳದ ಮಾತೇನೋ ಸರಿ. ನಂಬಿಕೆ ಮಾತ್ರ ಬರಲಿಲ್ಲ.

ತೊಂದರೆ ಬಂದದ್ದು ನಮ್ಮ ಮನೆಯ ಕೆಳಗಿನ ದೈವದ ಗುಂಡಿಯಿಂದ. ಹೊಳೆಯ ತಿರುವಿನಲ್ಲಿ ನೀರು ಆಳವಾಗಿ ನಿಂತ ಜಾಗ ಅದು. ಅಲ್ಲಿ ಮೀನು ಹಿಡಿಯುವ ಹಾಗಿಲ್ಲ, ಅಲ್ಲಿ ಕಣ್ಣಾರೆ ಕಂಡದ್ದನ್ನು ಹೊರಗೆ ಆಡುವ ಹಾಗೂ ಇಲ್ಲ. ಹಾಗಾಗಿ ಶ್ರಾವ್ಯ ಮನೆಮನೆಗೆ ಹೋಗಿ ಕೇಳಿದಾಗ ಎಲ್ಲರೂ "ಎಂತದೂ ಇಲ್ಲ" ಎಂದುಬಿಟ್ಟರು. ಕಂಪ್ಯೂಟರು ಮಾತ್ರ ಆ ಚೌಕಕ್ಕೇ ಎಲ್ಲಕ್ಕಿಂತ ಗಾಢ ಬಣ್ಣ ಹಚ್ಚಿತ್ತು.

ಅವಳ ಕೆಲಸ ನೋಡಿಕೊಳ್ಳುವ ಕಾಲೇಜಿನ ಮೇಷ್ಟ್ರು ಒಪ್ಪಲಿಲ್ಲ. "ಊರವರು ಇಲ್ಲ ಹೇಳ್ತಾರೆ, ನಿನ್ನ ನಕ್ಷೆ ಇಲ್ಲೇ ಹೆಚ್ಚು ಹೇಳ್ತದೆ. ಇದು ತಪ್ಪಾದ್ರೆ ಬಾಕಿ ಚೌಕಗಳನ್ನು ನಾನು ಹೇಗೆ ನಂಬುವುದು? ಒಂದು ಫೋಟೋ ತೋರಿಸು" ಎಂದರು. ವರ್ಷಗಟ್ಟಲೆ ಬಿಸಿಲಲ್ಲಿ ತಿರುಗಿದ ಹುಡುಗಿಯ ದುಡಿಮೆಯೆಲ್ಲ ಆ ಒಂದು ಗುಂಡಿಗೆ ಬಂದು ನಿಂತಿತು.

ಕ್ಯಾಮರಾ ಇಡಲು ಊರ ಹಿರಿಯರು ಒಪ್ಪಿದರು, ಕಟ್ಟಳೆಯನ್ನು ಮಾತ್ರ ಬಿಡಲಿಲ್ಲ. ಹೊರಗಿನ ವಸ್ತುವನ್ನು ಗುಂಡಿಯ ಬಳಿ ಇಟ್ಟರೆ, ಅದನ್ನು ತೆಗೆಯುವವರೆಗೆ ಇಟ್ಟವರ ಮನೆಯ ಹಿರಿಯರೊಬ್ಬರು ಅಲ್ಲೇ ಕೂತಿರಬೇಕು. ನಮ್ಮ ಮನೆಗೆ ಹಿರಿಯಳು ನಾನೇ.

ಮೇಷ್ಟ್ರು ನಕ್ಕರು. "ಅಜ್ಜಿ, ನೀವು ಕೂತಲ್ಲಿಗೆ ನೀರುನಾಯಿ ಎಲೆಅಡಿಕೆ ತಿನ್ಲಿಕ್ಕೆ ಬರ್ತದಾ?"

ಅದು ಬಾರದಿದ್ದರೆ ಮೊಮ್ಮಗಳ ಸೋಲಿಗೆ ನಾನೇ ಕಾರಣ.

ಮರುದಿನ ಬೆಳಿಗ್ಗೆ ಶ್ರಾವ್ಯ ಮರಕ್ಕೆ ಕ್ಯಾಮರಾ ಕಟ್ಟಿದಳು. ಎದುರಿಗೆ ಏನಾದರೂ ಅಲ್ಲಾಡಿದರೆ ಅದು ತಾನೇ ಫೋಟೋ ತೆಗೆಯುತ್ತದಂತೆ. ಸುತ್ತ ಎಲ್ಲ ಜಾರುವ ಪಾಚಿ. ಕೂರಲು ಇದ್ದದ್ದು ಕ್ಯಾಮರಾದ ಎದುರಿನ ಚಪ್ಪಟೆ ಕಲ್ಲೊಂದೇ. ಕೈಹಿಡಿದು ಅದರ ಮೇಲೆ ಕೂರಿಸಿ ಹೋದಳು. ನನ್ನ ಮೊಣಗಂಟಿನ ಅವಸ್ಥೆ ಎಂಥದೆಂದರೆ, ಕೆಳಗೆ ಕೂತರೆ ಯಾರಾದರೂ ಎಬ್ಬಿಸಿದರೇ ಏಳುವುದು. ಎಲೆಅಡಿಕೆಯ ಚೀಲವನ್ನು ಪಕ್ಕದಲ್ಲಿಟ್ಟುಕೊಂಡೆ.

ನಿದ್ದೆ ಮಾಡಲಿಲ್ಲ. ಅಂಥ ಹೊತ್ತಿನಲ್ಲಿ ಯಾವ ಅಜ್ಜಿಗೆ ನಿದ್ದೆ ಬರುತ್ತದೆ ಹೇಳಿ? ನೀರನ್ನೇ ನೋಡುತ್ತಿದ್ದೆ. ಬಿಸಿಲು ಏರುತ್ತಿದ್ದಂತೆ ಹಕ್ಕಿಗಳ ಸದ್ದು ನಿಂತಿತು. ಸ್ವಲ್ಪದರಲ್ಲೇ ಹೊಳೆಯ ಸದ್ದೂ ನಿಂತಿತು. ನೀರು ಹರಿಯುತ್ತಿರುವುದು ಕಾಣುತ್ತದೆ, ಕೇಳುವುದಿಲ್ಲ. ಹೆದರಿಕೆಯಾಗಲಿಲ್ಲ. ಮೊಣಗಂಟಿನ ನೋವೂ ಆಗ ಇರಲಿಲ್ಲ, ಮೈಗೆ ಭಾರವೇ ಇಲ್ಲದ ಹಾಗೆ. ಆಮೇಲೆ ಸದ್ದೆಲ್ಲ ಮರಳಿತು. ನೀರುನಾಯಿಯ ಬಾಲ ಕೂಡ ನನಗೆ ಕಾಣಲಿಲ್ಲ. ಮಧ್ಯಾಹ್ನ ಶ್ರಾವ್ಯ ಬಂದು ಎಬ್ಬಿಸಿದಾಗ, "ನಾನೇ ಹಾಳು ಮಾಡಿದೆ ಮಗಾ" ಎಂದು ಅತ್ತುಬಿಟ್ಟೆ.

ಜಗಲಿಯಲ್ಲಿ ಮೇಷ್ಟ್ರ ಎದುರೇ ಫೋಟೋ ತೆರೆದಳು. ಮೊದಲನೆಯದರಲ್ಲಿ ಅವಳು ನನ್ನನ್ನು ಕೂರಿಸುತ್ತಿದ್ದಳು. ಮುಂದಿನದು ಬಂದದ್ದೇ ಕಿರುಚಿದಳು. ಕಲ್ಲಿನ ಮೇಲೆ ನೀರುನಾಯಿಗಳು! ದೊಡ್ಡವೆರಡು, ಜೊತೆಗೆ ಮರಿಗಳು. ಒಂದು ಮರಿ ನನ್ನ ಚೀಲದೊಳಗೇ ಮೂಗು ತೂರಿಸಿತ್ತು. ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. "ಎಲೆಅಡಿಕೆಗೆ ಬಂದೇಬಿಟ್ಟಿತಲ್ಲ ಅಜ್ಜಿ! ಶ್ರಾವ್ಯ, ನಿನ್ನ ನಕ್ಷೆ ಗೆದ್ದಿತು!" ಕುಣಿಯಲಾಗದ ನಾನು ಕೂತಲ್ಲೇ ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದೆ.

ಆಗ ಶ್ರಾವ್ಯ ಮೆಲ್ಲಗೆ ಕೇಳಿದಳು. "ಅಜ್ಜಿ, ಚೀಲ ಉಂಟು. ನೀವೆಲ್ಲಿ?"

ಹೌದು, ಫೋಟೋದಲ್ಲಿ ನಾನಿರಲಿಲ್ಲ. ಕೊನೆಯದರಲ್ಲಿ ಅವಳು ಅದೇ ಕಲ್ಲಿನಿಂದ ನನ್ನನ್ನು ಎಬ್ಬಿಸುತ್ತಿದ್ದಾಳೆ. ನಡುವಿನ ಫೋಟೋಗಳಲ್ಲಿ ಕಲ್ಲಿನ ತುಂಬ ನೀರುನಾಯಿಗಳೇ.

"ಸ್ವಲ್ಪ ಆಚೆ ಹೋಗಿದ್ರಾ?" ಎಂದರು ಮೇಷ್ಟ್ರು.

"ಈ ಕಾಲಲ್ಲಾ? ನೀವು ಬಂದು ಎತ್ತಿಕೊಂಡು ಹೋಗಿದ್ರೆ ಹೌದು."

ಕ್ಯಾಮರಾ ಬಿಚ್ಚಿ ನೋಡಿದರು. ಅದರಲ್ಲಿ ದೋಷ ಎಂತದೂ ಸಿಗಲಿಲ್ಲ.

ಈಗ ನಕ್ಷೆಗೆ ಒಪ್ಪಿಗೆ ಸಿಕ್ಕಿದೆ. ಶ್ರಾವ್ಯ ಡಾಕ್ಟರಾಗಿದ್ದಾಳೆ, ಇಂಜೆಕ್ಷನ್ ಕೊಡದ ಡಾಕ್ಟರು. ಮೂಡುಬಿದಿರೆ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳುತ್ತೇನೆ. ಕಟ್ಟಳೆ ಮುರಿದ ಹಾಗಾಗಲಿಲ್ಲವೇ ಎಂದರೆ, ಕಂಡದ್ದು ಕ್ಯಾಮರಾ, ನಾನಲ್ಲವಲ್ಲ!

ಮೊನ್ನೆ ನನ್ನ ತಲೆಗೆ ಎಣ್ಣೆ ಹಚ್ಚುತ್ತಾ ಅವಳೆಂದಳು, "ಇದ್ದೂ ಕಾಣದ್ದಕ್ಕೆ ನಮ್ಮ ಲೆಕ್ಕದಲ್ಲಿ ಒಂದು ಜಾಗ ಉಂಟು ಅಜ್ಜಿ. ಕಾಣ್ಲಿಲ್ಲ ಅಂತ ಇಲ್ಲ ಹೇಳ್ಲಿಕ್ಕಾಗುದಿಲ್ಲ."

"ಅದು ನೀರುನಾಯಿಗಾಯ್ತು. ಅಜ್ಜಿಗೆ?"

ನಕ್ಕು, ನೆತ್ತಿಗೆ ಇನ್ನಷ್ಟು ಎಣ್ಣೆ ತಟ್ಟಿದಳು. ನನಗಂತೂ ಇಂದಿನವರೆಗೆ ತಿಳಿದಿಲ್ಲ. ಆ ಹೊತ್ತು ನಾನು ಎಲ್ಲಿದ್ದೆನೋ ದೈವಕ್ಕೇ ಗೊತ್ತು. ಎಲ್ಲಿದ್ದರೂ, ನನ್ನ ಮೊಮ್ಮಗಳು ಗೆಲ್ಲುವ ದಾರಿಗೆ ಅಡ್ಡ ಕೂತಿರಲಿಲ್ಲ.