ಕೇಳುವ ಮೊದಲೇ ಕೊಟ್ಟ ಒಪ್ಪಿಗೆ

ಯಾರೂ ಕೇಳದೆಯೇ ಮದುವೆಗೆ ಒಪ್ಪಿಗೆ ಕೊಟ್ಟ ಪೆದ್ದ ಇಡೀ ಜೆಪ್ಪುವಿನಲ್ಲಿ ನಾನೊಬ್ಬನೇ. ಕಾಲೇಜಿನಲ್ಲಿ ನನ್ನ ಜೊತೆ ಓದಿ ಈಗ ಇಂಗ್ಲಿಷ್ ಟೀಚರ್ ಆಗಿರುವ ವಿದ್ಯಾ, ಭಾನುವಾರ ಅಪ್ಪ ಅಮ್ಮನ ಜೊತೆ ನಮ್ಮ ಮನೆಗೆ ಬಂದಳು. ನನಗೆ ಮೊದಲಿನಿಂದಲೂ ಅವಳ ಮೇಲೆ ಮನಸ್ಸು. ಸಂಬಂಧ ಕೇಳಲಿಕ್ಕೇ ಬಂದದ್ದು ಎಂದುಕೊಂಡು, ಅರ್ಧ ಬಾಟಲಿ ಸೆಂಟ್ ಸುರಿದುಕೊಂಡು ಮನೆಯ ಮುಂದಿನ ಚಾವಡಿಗೆ ಬಂದೆ. ಅವಳ ಅಪ್ಪ ಚೀಲಕ್ಕೆ ಕೈ ಹಾಕುವಷ್ಟರಲ್ಲಿ, "ಅಂಕಲ್, ನನ್ನ ಒಪ್ಪಿಗೆ ಉಂಟು" ಎಂದುಬಿಟ್ಟೆ.

ಚೀಲದಿಂದ ಹೊರಗೆ ಬಂದದ್ದು ವಿದ್ಯಾಳ ಮದುವೆ ಆಮಂತ್ರಣದ ಕಾಗದ. ಅದರಲ್ಲಿ ವರನ ಹೆಸರು ಬೇರೆ ಇತ್ತು. ನನ್ನ ಅಮ್ಮ ಶರಬತ್ತು ತರುವ ನೆಪದಲ್ಲಿ ಒಳಗೆ ಓಡಿದರು.

ಹೊರಡುವಾಗ ವಿದ್ಯಾ ಮೆಲ್ಲಗೆ ಹೇಳಿದಳು: "ಇಂಥ ಧೈರ್ಯದ ಊಹೆಗೆ ಇಂಗ್ಲಿಷಲ್ಲಿ ಬೋಲ್ಡ್ ಅಸಂಪ್ಷನ್ ಅಂತ ಹೇಳ್ತಾರೆ. ನಿಂದು ಅದನ್ನೂ ದಾಟಿತು ಮಾರಾಯ, ವೈಲ್ಡ್ ಅಸಂಪ್ಷನ್, ತಲೆಬುಡ ಇಲ್ಲದ ಊಹೆ. ಮದುವೆಗೆ ಬಾ. ಮಂಟಪಕ್ಕೆ ಮಾತ್ರ ಫೋಟೋ ತೆಗೆಯುವಾಗ ಹತ್ತಿದ್ರೆ ಸಾಕು."