ಅಳಿಯನ ಬೇಟೆಗೆ ಊರು ಹುಡುಕಿದ್ದು

ಟೆಕ್ಸಾಸ್‌ಗೆ ಬಂದ ಹನ್ನೊಂದನೆಯ ದಿನ, ಡಲ್ಲಾಸ್ ಬಳಿಯ ಪ್ಲೇನೋದ ಒಂದು ಪೆಟ್ರೋಲ್ ಬಂಕಿನಲ್ಲಿ ಸತ್ತ ಜಿಂಕೆಯೊಂದನ್ನು ನೋಡಿದೆ. ಪಿಕಪ್ ಗಾಡಿಯ ಹಿಂಭಾಗದಲ್ಲಿ ಅದನ್ನು ಮಲಗಿಸಿದ್ದರು. ನಾಲಗೆ ಹೊರಚಾಚಿತ್ತು, ಕೊಂಬಿಗೆ ಒಂದು ಚೀಟಿ ಕಟ್ಟಿತ್ತು. ಮೇಲೆ ಗೋಣಿಯಿಲ್ಲ, ಸೊಪ್ಪಿಲ್ಲ. ಗಾಡಿಯವನು ಕಾಫಿ ಹೀರುತ್ತ ಟಯರಿಗೆ ಗಾಳಿ ತುಂಬುತ್ತಿದ್ದ. ಪಕ್ಕದ ಕಾರಿನ ಹೆಂಗಸು ಇಣುಕಿ ನೋಡಿ, ಚೆನ್ನಾಗಿದೆ ಎಂಬಂತೆ ಹೆಬ್ಬೆರಳು ಎತ್ತಿದಳು. ನನ್ನ ಕೈ ತಾನಾಗಿ ಜೇಬಿಗೆ ಹೋಗಿತ್ತು. ಗಾಡಿಯ ನಂಬರು ಬರೆದುಕೊಳ್ಳಲು ಅದು ಪೆನ್ನು ಹುಡುಕುತ್ತಿತ್ತು.

"ಅಪ್ಪಾ, ಏನ್ ಮಾಡ್ತಿದೀಯ?" ಎಂದಳು ಮಗಳು ಸಹನಾ. "ಇಲ್ಲಿ ಇದು ಸೀಸನ್. ಎಲ್ಲಾರೂ ಹೊಡೀತಾರೆ. ಸುಮ್ನೆ ಕಾರಲ್ಲಿ ಕೂತ್ಕೋ."

ನಾನು ಮೂವತ್ತೊಂದು ವರ್ಷ ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡಿ, ಹುಣಸೂರಿನ ಕಡೆ ರೇಂಜರ್ ಆಗಿ ನಿವೃತ್ತನಾದವನು. ಅಂಥದೊಂದು ಗಾಡಿಯನ್ನು ಹಿಡಿಯಲು ವಾರಗಟ್ಟಲೆ ಕಾದದ್ದಿದೆ. ಸಹನಾ ಒಬ್ಬಳೇ ಮಗಳು. ಅರಣ್ಯ ವಸತಿಗೃಹಗಳಲ್ಲೇ ಬೆಳೆದು, ಪಶುವೈದ್ಯೆಯಾಗಿ, ಹೆಚ್ಚಿನ ಓದಿಗೆಂದು ಇಲ್ಲಿಗೆ ಬಂದು, ಇಲ್ಲಿಯವನನ್ನೇ ಮದುವೆಯಾದಳು. ನಿವೃತ್ತಿಯ ನಂತರ ಬಂದು ಜೊತೆಗಿರಿ ಎಂದು ಕರೆದಳು. ನನ್ನ ಹೆಂಡತಿ ಜಯ ಒಪ್ಪಿದಳು. ನನಗೆ ಬೇಡವೆನ್ನಲು ಕಾರಣ ಹೊಳೆಯಲಿಲ್ಲ.

ಪ್ಲೇನೋದಲ್ಲಿ ಮನೆಗಳು ದೊಡ್ಡವು, ರಸ್ತೆಗಳು ಅಗಲ, ಅವುಗಳ ಮೇಲೆ ಮನುಷ್ಯರಿಲ್ಲ. ನಮ್ಮಲ್ಲಿ ಬೆಳಿಗ್ಗೆ ಬಾಗಿಲು ತೆರೆದರೆ ಯಾರು ಹಾಲಿಗೆ ಹೋದರು, ಯಾರು ಬಸ್ಸಿಗೆ ಓಡಿದರು ಎಂದು ತಿಳಿಯುತ್ತದೆ. ಇಲ್ಲಿ ಗ್ಯಾರೇಜಿನ ಬಾಗಿಲು ಮೇಲೇಳುತ್ತದೆ, ಕಾರು ಹೊರಬರುತ್ತದೆ, ಬಾಗಿಲು ಇಳಿಯುತ್ತದೆ. ಒಳಗಿದ್ದವರ ಮುಖ ನೋಡಲು ನನಗೆ ಎರಡು ತಿಂಗಳು ಹಿಡಿಯಿತು. ವಾರಾಂತ್ಯಗಳಲ್ಲಿ ಕನ್ನಡದವರು ಸೇರುತ್ತಿದ್ದರು. ಬಿಸಿಬೇಳೆಬಾತ್ ಚೆನ್ನಾಗಿರುತ್ತಿತ್ತು. ಎಲ್ಲರೂ ಗೌರವದಿಂದ ಅಂಕಲ್ ಎನ್ನುತ್ತಿದ್ದರು. ನಾನು ಅರಣ್ಯ ಇಲಾಖೆಯವನೆಂದು ತಿಳಿದಾಗ ಮುಖ ಅರಳಿಸಿ, "ಅಂಕಲ್, ಡಿಸೆಂಬರ್‌ನಲ್ಲಿ ಬರ್ತಿದೀವಿ, ಕಬಿನಿ ಸಫಾರಿ ಬುಕ್ ಆಗ್ತಿಲ್ಲ, ಯಾರಿಗಾದ್ರೂ ಹೇಳಕ್ಕಾಗುತ್ತಾ?" ಎಂದು ಕೇಳುತ್ತಿದ್ದರು. ಅಷ್ಟರ ಮಟ್ಟಿಗೆ ನಾನು ಇಲ್ಲಿ ಉಪಯೋಗದ ಮನುಷ್ಯನಾಗಿದ್ದೆ.

ಅಳಿಯನ ಹೆಸರು ವೇಡ್. ಆರಡಿ ದಾಟಿದ ಆಳು, ಮೆಲುಮಾತು. ಆಲಿಕಲ್ಲು ಬಿದ್ದು ಹಾಳಾದ ಛಾವಣಿಗಳ ಮೇಲೆ ಹತ್ತಿ, ವಿಮೆಯವರಿಗೆ ನಷ್ಟದ ವರದಿ ಬರೆಯುವುದು ಅವನ ಕೆಲಸ. ನನ್ನನ್ನು "ಮಾವಾ" ಎಂದು ಕೊನೆಯ ಅಕ್ಷರ ಎಳೆದು ಕರೆಯುತ್ತಾನೆ. ಅವನ ಕೋಣೆಯ ಕಬ್ಬಿಣದ ಬೀರುವಿನಲ್ಲಿ ನಾಲ್ಕು ಬಂದೂಕುಗಳಿದ್ದವು. ನಾವಿಬ್ಬರೂ ಆಯುಷ್ಯವನ್ನೆಲ್ಲ ಒಂದೇ ಪ್ರಾಣಿಗಳ ಹಿಂದೆ ಕಳೆದವರು, ಆದರೆ ಎದುರುಬದುರು ಪಕ್ಷದವರು. ಊಟದ ಮೇಜಿನಲ್ಲಿ ಹವಾಮಾನದ ಬಗ್ಗೆ ಮಾತ್ರ ಮಾತಾಡುತ್ತಿದ್ದೆವು.

ಒಂದು ಭಾನುವಾರ ಅವನು ಒಂದು ನೋಟ್‌ಪುಸ್ತಕ ತೆರೆದಿಟ್ಟ. ಪ್ಲೇನೋ ಬಿಡೋಣ, ಬೇಟೆ ಮತ್ತು ಮೀನು ಚೆನ್ನಾಗಿರುವ ಕಡೆ ಮನೆ ತೆಗೆದುಕೊಳ್ಳೋಣ, ತನ್ನ ಕಂಪನಿಗೆ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆ ಕೆಲಸವಿದೆ ಎಂದ. ಪಶುವೈದ್ಯೆಗೆ ಎಲ್ಲಿಯೂ ಕೆಲಸ ಸಿಗುತ್ತದೆ. ಪುಟದಲ್ಲಿ ಮೂರು ಊರುಗಳ ಹೆಸರು, ಪಕ್ಕದಲ್ಲಿ ಜಿಂಕೆ, ಹಂದಿ, ಬಾತು, ಮೀನು ಎಂದು ಅಂಕಣಗಳು. ಕೊನೆಯಲ್ಲಿ ಇನ್ನೊಂದು ಅಂಕಣ ಎಳೆದು ಅದರ ಮೇಲೆ "ಮಾವ, ಅತ್ತೆ" ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದ. ಅದು ಖಾಲಿಯಿತ್ತು.

"ನಿಮ್ಮಿಬ್ಬರನ್ನ ಕೇಳ್ದೆ ಅವ್ನು ಡಿಸೈಡ್ ಮಾಡಲ್ವಂತೆ," ಎಂದಳು ಸಹನಾ.

ಮೊದಲು ಲಿಟಲ್ ಎಲ್ಮ್‌ಗೆ ಹೋದೆವು. ಪ್ಲೇನೋದಿಂದ ದೂರವಲ್ಲ. ಕೆರೆಯ ದಂಡೆಯ ಊರು. ಕೆರೆಯೆಂದರೆ ನಮ್ಮ ಕಬಿನಿ ಹಿನ್ನೀರಿನಷ್ಟು. ಹೊಸ ಬಡಾವಣೆಯ ಮನೆಗಳೆಲ್ಲ ಒಂದೇ ಅಚ್ಚಿನವು. ನೀರಿನೊಳಕ್ಕೆ ಚಾಚಿದ ಹಲಗೆಯ ಸೇತುವೆಯ ಮೇಲೆ ವೇಡ್ ಗಾಳ ಹಾಕಿದ. ಮೂರು ಸಲ ಮೀನು ಕಚ್ಚಿತು, ಮೂರು ಸಲವೂ ತಪ್ಪಿಸಿಕೊಂಡಿತು. ಜಯ ಶ್ರೀರಂಗಪಟ್ಟಣದವಳು, ಕಾವೇರಿಯ ದಂಡೆಯಲ್ಲಿ ಅಣ್ಣಂದಿರ ಜೊತೆ ಗಾಳ ಹಾಕಿ ಬೆಳೆದವಳು. ಮದುವೆಯಾದ ಮೂವತ್ತೆಂಟು ವರ್ಷಗಳಲ್ಲಿ ಅದನ್ನು ಅವಳು ಹೆಚ್ಚು ಹೇಳಿಕೊಂಡಿರಲಿಲ್ಲ. ನಾಲ್ಕನೆಯ ಸಲ ಅವಳಿಗೆ ತಡೆಯಲಾಗಲಿಲ್ಲ.

"ಏಯ್, ಈಗ್ಲೇ ಎಳೀಬೇಡ! ನುಂಗ್ಲಿ, ನುಂಗ್ಲಿ ಬಿಡು... ಹಾಂ, ಈಗ ಎತ್ತು!"

ವೇಡ್‌ಗೆ ಮಾತು ತಿಳಿಯಲಿಲ್ಲ, ಧ್ವನಿ ತಿಳಿಯಿತು. ಮೊಳದುದ್ದದ ಮೀಸೆ ಮೀನೊಂದು ಹಲಗೆಯ ಮೇಲೆ ಬಂದು ಬಡಿದಾಡಿತು. ಅವನು ಕುಣಿದುಬಿಟ್ಟ. ಆದರೆ ಕಾರಿಗೆ ವಾಪಸಾಗುವಾಗ ನೋಟ್‌ಪುಸ್ತಕದಲ್ಲಿ ಜಿಂಕೆಯ ಅಂಕಣಕ್ಕೆ ಸೊನ್ನೆ ಬರೆದ. ಇಲ್ಲಿ ಕಾಡೆಲ್ಲ ಖಾಸಗಿಯವರದು. ಬೇಟೆಯಾಡುವವರು ಯಾರದೋ ಜಮೀನನ್ನು ಗುತ್ತಿಗೆ ಹಿಡಿಯುತ್ತಾರೆ. ಅದಕ್ಕೆ 'ಲೀಸ್' ಎನ್ನುತ್ತಾರೆ. ಲಿಟಲ್ ಎಲ್ಮ್‌ನಿಂದ ಒಳ್ಳೆಯ ಲೀಸ್ ಬೇಕೆಂದರೆ ಗಂಟೆಗಟ್ಟಲೆ ಡ್ರೈವ್ ಮಾಡಬೇಕು.

ಮುಂದಿನ ವಾರ ಹ್ಯೂಸ್ಟನ್‌ನ ದಕ್ಷಿಣಕ್ಕಿರುವ ಪೇರ್‌ಲ್ಯಾಂಡ್‌ಗೆ ಹೋದೆವು. ಅಲ್ಲಿ ಮೀನಾಕ್ಷಿ ದೇವಸ್ಥಾನವಿದೆ. ಗೋಪುರ ಕಂಡೊಡನೆ ಜಯ ಚಪ್ಪಲಿ ಬಿಡಲು ಜಾಗ ಹುಡುಕತೊಡಗಿದಳು. ಮಧ್ಯಾಹ್ನ ಕರಾವಳಿಗೆ ಹೋಗಿ ಸಮುದ್ರದ ಮೀನು ಹಿಡಿದದ್ದೂ ಆಯಿತು. ಬಾಲದ ಬಳಿ ಕಪ್ಪು ಬೊಟ್ಟಿರುವ ತಾಮ್ರದ ಬಣ್ಣದ ಮೀನು. ಗಾಳಿಯಲ್ಲಿ ಮಂಗಳೂರಿನ ಬೆವರಿತ್ತು. ಬೆಳಿಗ್ಗೆ ದೇವರು, ಸಂಜೆ ಮೀನು. ಜಯಳ ಮಟ್ಟಿಗೆ ಹುಡುಕಾಟ ಅಲ್ಲಿಗೆ ಮುಗಿದಿತ್ತು. ಆದರೆ ನೋಡಿದ ಮನೆಯ ಗೋಡೆಯಲ್ಲಿ ಮೊಣಕಾಲೆತ್ತರದವರೆಗೆ ಮಾತ್ರ ಬಣ್ಣ ಹೊಸದು. ವೇಡ್ ಅದನ್ನು ಬೆರಳಿನಿಂದ ತಟ್ಟಿ, ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತೆಂದು ಮನೆ ತೋರಿಸುವವನನ್ನು ಕೇಳಿದ. ಅವನು ಅಡುಗೆಮನೆಯ ಕಲ್ಲಿನ ಕಟ್ಟೆಯನ್ನು ಹೊಗಳಿದ.

"ನೀರು ಎಲ್ಲಿಲ್ಲ? ಕಾವೇರೀನೂ ಬರ್ತಿರ್ಲಿಲ್ವಾ ನಮ್ಮನೆ ಜಗಲಿಗೆ?" ಎಂದು ಜಯ ಕಾರಿನಲ್ಲಿ ಗೊಣಗಿದಳು. ನನ್ನನ್ನು ಕೇಳಿದ್ದರೆ ಪೇರ್‌ಲ್ಯಾಂಡೇ ಇರಲಿ ಎನ್ನುತ್ತಿದ್ದೆ. ಅಲ್ಲಿ ಜಿಂಕೆ ಕಡಿಮೆಯೆಂಬುದೇ ನನ್ನ ಕಾರಣ.

ಕೊನೆಯದು ಆಸ್ಟಿನ್‌ನ ಪಶ್ಚಿಮದ ಗುಡ್ಡನಾಡು. ಸುಣ್ಣಕಲ್ಲಿನ ದಿಬ್ಬಗಳು, ಗಿಡ್ಡ ಓಕ್ ಮರಗಳು, ನಡುವೆ ದಟ್ಟ ಹಸಿರಿನ ಒಂದು ಕುರುಚಲು. ಅದಕ್ಕಿಲ್ಲಿ 'ಸೀಡರ್' ಎನ್ನುತ್ತಾರೆ. ನಾವು ನೋಡಬೇಕಿದ್ದ ಮನೆಯ ಪಕ್ಕದ ಜಮೀನು ಡಾನಾ ಎಂಬ ಅರವತ್ತರ ಹೆಂಗಸಿನದು. ಅವಳ ಜಮೀನಿನಲ್ಲೇ ವೇಡ್ ಒಂದು ದಿನದ ಬೇಟೆಗೆ ಮಾತಾಡಿಕೊಂಡಿದ್ದ. ಅವಳ ಅತಿಥಿಗಳ ಕೊಠಡಿಯಲ್ಲಿ ಇಳಿದುಕೊಂಡೆವು. ಸಂಜೆ ಜಗಲಿಯಲ್ಲಿ ಕೂತಿದ್ದಾಗ ಸೀಡರ್ ಪೊದೆಗಳ ಆಚೆಯಿಂದ ಒಂದು ಕೂಗು ಬಂತು. ಗಂಟಲಿನಿಂದ ಕಿತ್ತು ಎಸೆದಂಥ, ಚೂಪಾದ ಒಂದೇ ಕೂಗು. ನಾನು ಎದ್ದು ನಿಂತೆ. ಆ ಕೂಗು ಕೇಳಿದರೆ ನಮ್ಮ ಕಾಡಿನಲ್ಲಿ ಹುಲಿಯೋ ಚಿರತೆಯೋ ಹೊರಟಿದೆ ಎಂದರ್ಥ.

"ಸಹನಾ, ಇದು ಚುಕ್ಕೆ ಜಿಂಕೆ ಕಣೇ."

"ಹೂಂ ಅಪ್ಪ. ಇಲ್ಲಿ ಆಕ್ಸಿಸ್ ಅಂತಾರೆ. ಯಾವ್ದೋ ಕಾಲ್ದಲ್ಲಿ ಇಂಡಿಯಾದಿಂದ ತಂದು ಬಿಟ್ಟಿದ್ದು."

ಅವಳಿಗೆ ಗೊತ್ತಿತ್ತು. ನನಗೆ ಹೇಳಿರಲಿಲ್ಲ. ಹೊರಗಿನಿಂದ ತಂದ ಪ್ರಾಣಿಯಾದ್ದರಿಂದ ಅದಕ್ಕೆ ಸೀಸನ್ ಕೂಡ ಇಲ್ಲ, ವರ್ಷವಿಡೀ ಹೊಡೆಯಬಹುದು ಎಂದು ಡಾನಾ ವಿವರಿಸಿದಳು. ಇಲ್ಲಿನ ಬಿಳಿಬಾಲದ ಜಿಂಕೆಗಳ ಮೇವನ್ನೆಲ್ಲ ಇವು ತಿಂದು ಮುಗಿಸುತ್ತವೆಯಂತೆ. ನಾವೂ ಅಲ್ಲಿಂದಲೇ ಬಂದವರೆಂದು ತಿಳಿದು ನಕ್ಕು, ಇವು ನಿಮ್ಮ ನೆಂಟರಲ್ಲವೇ ಎಂದಳು. ನನಗೆ ಹಾಗೇನೂ ಅನ್ನಿಸಲಿಲ್ಲ. ನೆಂಟರಿಗೆ ಪಾಸ್‌ಪೋರ್ಟ್ ಇರುತ್ತದೆ.

ಮಾರನೆಯ ಬೆಳಿಗ್ಗೆ ವೇಡ್ ಜೊತೆಗೆ ಹೋದೆ. ಬಾ ಎಂದು ಅವನು ಒತ್ತಾಯಿಸಲಿಲ್ಲ. ಮನೆಯಲ್ಲಿ ಕೂತು ಗುಂಡಿನ ಸದ್ದಿಗೆ ಕಾಯುವುದಕ್ಕಿಂತ ಎದುರಿಗಿರುವುದೇ ವಾಸಿ ಎನ್ನಿಸಿತು. ಕಂಬಗಳ ಮೇಲಿನ ಒಂದು ತಗಡಿನ ಡಬ್ಬಿಯಲ್ಲಿ ಮರೆಯಾಗಿ ಕೂತೆವು; ಅದಕ್ಕೆ ಇಲ್ಲಿ 'ಬ್ಲೈಂಡ್' ಎನ್ನುತ್ತಾರೆ. ಎಂಟು ಗಂಟೆಯ ಸುಮಾರಿಗೆ ಐದು ಹೆಣ್ಣು, ಒಂದು ಗಂಡು ಬಂದವು. ಗಂಡಿನ ಕೊಂಬು ನಾನು ನೋಡಿದವುಗಳಲ್ಲೇ ದೊಡ್ಡದು. ವೇಡ್ ಹೊಡೆದ. ಗಂಡು ಬೆನ್ನು ಬಾಗಿಸಿ, ಕುಗ್ಗಿಕೊಂಡು ಪೊದೆಗೆ ನುಗ್ಗಿತು. ಹಾಗೆ ಕುಗ್ಗಿದರೆ ಗುಂಡು ಎಲ್ಲಿ ಬಿದ್ದಿದೆಯೆಂದು ನನಗೆ ಗೊತ್ತಿತ್ತು.

ಅವನು ಇಳಿದು ಓಡಲು ಹೊರಟ. ನಾನು ತೋಳು ಹಿಡಿದೆ. "ಹೊಟ್ಟೆಗೆ ಬಿದ್ದಿದೆ. ಈಗ ಹೋದರೆ ಇನ್ನೂ ಓಡುತ್ತದೆ. ಕೂತ್ಕೋ," ಎಂದು ಇಂಗ್ಲಿಷಿನಲ್ಲಿ ಹೇಳಿದೆ.

ಎರಡು ಗಂಟೆ ಕೂತೆವು. ಸ್ವಲ್ಪ ಹೊತ್ತಿನ ಮೇಲೆ ವೇಡ್ ಕೇಳಿದ: "ಮಾವಾ, ನೀವು ಹಿಡಿದವರು ಎಂಥವರಾಗಿದ್ದರು?"

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಒಬ್ಬನ ವಿಷಯ ಹೇಳಿದೆ. ಉರುಳು ಹಾಕಿ ಜಿಂಕೆ ಹಿಡಿದವನು. ರಕ್ತದ ಹನಿಗಳ ಜಾಡು ಹಿಡಿದು ಕಾಡಂಚಿನ ಅವನ ಮನೆಯವರೆಗೂ ಹೋಗಿದ್ದೆ. ಒಲೆಯ ಮೇಲೆ ಪಾತ್ರೆಯಿತ್ತು. ಅವನ ಹೆಂಡತಿ ಪಕ್ಕಕ್ಕೆ ಸರಿದು ನಿಂತಳು. ಪಾತ್ರೆಯ ಸಮೇತ ಮಹಜರು ಮಾಡಿದೆ. ಅವನ ಕೇಸು ಮುಗಿಯುವಷ್ಟರಲ್ಲಿ ನನಗೆ ಎರಡು ಸಲ ವರ್ಗವಾಗಿತ್ತು.

"ಇದೇ ಜಿಂಕೆಯೇ?" ಎಂದ ವೇಡ್.

"ಇದೇ ಜಿಂಕೆ."

ನಾನು ಮಾಡಿದ್ದು ತಪ್ಪೆಂದು ನನಗೆ ಆಗಲೂ ಅನ್ನಿಸಿರಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಆದರೆ ಆ ಹೆಂಗಸು ಸರಿದು ನಿಂತದ್ದು ಮಾತ್ರ ಅಷ್ಟು ಸ್ಪಷ್ಟವಾಗಿ ನೆನಪಿದೆಯೆಂದು ಅವತ್ತೇ ಗೊತ್ತಾದದ್ದು.

ಇಳಿದು ಹುಡುಕಿದೆವು. ಮೊದಲ ಇಪ್ಪತ್ತು ಹೆಜ್ಜೆಯವರೆಗೆ ರಕ್ತವಿತ್ತು, ಆಮೇಲೆ ಬರೀ ಕಲ್ಲು. ವೇಡ್ ಮೂರು ಸುತ್ತು ಹಾಕಿ ಬಂದು ಕೈಚೆಲ್ಲಿದ. ಡಾನಾಗೆ ಫೋನ್ ಮಾಡಿದರೆ, ಜಾಡು ಹಿಡಿಯುವ ನಾಯಿ ಬರಬೇಕೆಂದರೆ ಸಂಜೆಯಾಗುತ್ತದೆ ಎಂದಳು. ಅವನು ನನ್ನ ಮುಖ ನೋಡಿದ.

ನಾನು ಕುಕ್ಕರಗಾಲಿನಲ್ಲಿ ಕೂತೆ. ಬಿಳಿಯ ಕಲ್ಲುಗಳ ನಡುವೆ ಒಂದರ ಮಗ್ಗುಲು ಕಪ್ಪಗೆ, ತೇವವಾಗಿತ್ತು; ಗೊರಸು ತಾಗಿ ಮಗುಚಿದ ಕಲ್ಲು. ಅಲ್ಲಿಂದ ಮುಂದೆ ಒಂದು ಹುಲ್ಲಿನ ಗರಿಯ ಕೆಳಮೈಯಲ್ಲಿ ಸಾಸಿವೆಯಷ್ಟು ಹನಿ. ಗಾಯವಾದ ಪ್ರಾಣಿ ದಿಬ್ಬ ಹತ್ತುವುದಿಲ್ಲ, ನೀರಿನ ಕಡೆ ಇಳಿಯುತ್ತದೆ. ಒಂದು ಗಂಟೆ ನಡೆದೆವು. ಪ್ಲೇನೋದಲ್ಲಿ ನನಗೆ ರಸ್ತೆಯ ಫಲಕಗಳು ತಿಳಿಯುತ್ತಿರಲಿಲ್ಲ, ಎದುರು ಸಿಕ್ಕವರ ನಗುವಿನ ಅರ್ಥ ತಿಳಿಯುತ್ತಿರಲಿಲ್ಲ. ಇಲ್ಲಿ ಪ್ರತಿ ಕಲ್ಲೂ ತಿಳಿಯುತ್ತಿತ್ತು.

ಒಣಗಿದ ಹಳ್ಳದ ತಿರುವಿನಲ್ಲಿ ಅದು ಮಲಗಿತ್ತು. ತಲೆ ಎತ್ತಿಕೊಂಡೇ ಇತ್ತು. ಏಳಲು ನೋಡಿತು, ಆಗಲಿಲ್ಲ. ವೇಡ್ ಬಂದೂಕು ಹಿಡಿದು ಕಲ್ಲಿನಂತೆ ನಿಂತಿದ್ದ.

"ಹೊಡಿ," ಎಂದೆ. ಕನ್ನಡದಲ್ಲೇ ಬಂತು. ಆ ಪದವನ್ನು ನಾವು ಅವನಿಗೆ ಕಲಿಸಿರಲಿಲ್ಲ. ಅವನಿಗೆ ಅರ್ಥವಾಯಿತು.

ಊರಿನ ನನ್ನ ಹಳೆಯ ಸಹೋದ್ಯೋಗಿಗಳು ಇದನ್ನು ಓದಿದರೆ ಏನೆಂದುಕೊಳ್ಳುತ್ತಾರೋ ತಿಳಿಯದು. ಜಿಂಕೆ ಹೊಡೆಯಲು ನಾನು ಆಜ್ಞೆ ಕೊಟ್ಟದ್ದು ಅದೊಂದೇ ಸಲ. ಅದನ್ನು ಹಾಗೇ ಬಿಟ್ಟು ಬರುವುದು ನನ್ನಿಂದ ಆಗುತ್ತಿರಲಿಲ್ಲ.

ಸಂಜೆ ಸಹನಾ ಮಾಂಸ ಹುರಿದಳು, ಜಯ ಮಸಾಲೆ ಅರೆದುಕೊಟ್ಟಳು. ನಾನು ಅನ್ನಕ್ಕೆ ಮೊಸರು ಕಲಸಿಕೊಂಡೆ. ಊಟದ ಕೊನೆಯಲ್ಲಿ ವೇಡ್, ಈ ಜಾಗ ಬೇಡ, ಪೇರ್‌ಲ್ಯಾಂಡ್ ಮನೆಯನ್ನೇ ಇನ್ನೊಮ್ಮೆ ನೋಡೋಣ, ಅತ್ತೆಗೂ ಇಷ್ಟವಾಗಿದೆ ಎಂದ. ನನ್ನ ಕಡೆ ನೋಡದೆ ಹೇಳಿದ. ಅವನಿಗೆ ಆ ಹಳ್ಳದ ತಿರುವಿನ ಪಕ್ಕ ಬದುಕುವುದು ಬೇಡವಾಗಿತ್ತು.

"ಇಲ್ಲೇ ತಗೊಳ್ಳಿ," ಎಂದೆ.

ಮೂವರೂ ತಲೆ ಎತ್ತಿದರು.

"ನಿಮಗೇನು ಹುಚ್ಚಾ?" ಎಂದಳು ಜಯ. "ಇಲ್ಲಿ ಮಾತಾಡಕ್ಕೆ ಒಂದು ಕನ್ನಡದ ನಾಯಿ ಇಲ್ಲ. ದೇವಸ್ಥಾನಕ್ಕೆ ಹೋಗ್ಬೇಕು ಅಂದ್ರೆ ಆಸ್ಟಿನ್‌ವರೆಗೂ ಕರ್ಕೊಂಡು ಹೋಗಿ ಅಂತ ಇವರ ಕೈ ಕಾಯ್ಬೇಕು. ಜಿಂಕೆ ಹೊಡೆಯೋದು ನೋಡಕ್ಕಾಗಲ್ಲ ಅಂತ ನೀವೇ ಅಂದಿದ್ರಿ."

"ನೋಡಕ್ಕಾಗಲ್ಲ," ಎಂದೆ. "ಆದ್ರೆ ನಂಗೆ ಇಲ್ಲಿ ನಡೆಯಕ್ಕೆ ಬರುತ್ತೆ ಜಯ."

ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು. ಆಮೇಲೆ ಸಹನಾಳನ್ನು ಕೇಳಿದಳು: "ಇಲ್ಲಿ ಹೊಳೆ ಎಷ್ಟು ದೂರ?"

ಹೊಳೆ ಕಾರಿನಲ್ಲಿ ಹತ್ತು ನಿಮಿಷದ ದೂರದಲ್ಲಿತ್ತು. ಮನೆ ತೆಗೆದುಕೊಂಡೆವು. ವೇಡ್ ಈಗಲೂ ಬೇಟೆಗೆ ಹೋಗುತ್ತಾನೆ, ಆದರೆ ಹಂದಿಗೆ ಮಾತ್ರ. ಚುಕ್ಕೆ ಜಿಂಕೆ ಹೊಡೆಯಬೇಡವೆಂದು ನಾನು ಹೇಳಿಲ್ಲ. ಡಾನಾಳ ಜಮೀನಿನಲ್ಲಿ ಯಾರಾದರೂ ಹೊಡೆದದ್ದು ತಪ್ಪಿಸಿಕೊಂಡರೆ ಅವಳು ನನಗೆ ಫೋನ್ ಮಾಡುತ್ತಾಳೆ. ಇಂಗ್ಲಿಷಿನಲ್ಲಿ ಹೆಚ್ಚು ಮಾತಾಡುವ ಕೆಲಸವಲ್ಲ. ಹೋಗಿ ಹುಡುಕಿಕೊಡುತ್ತೇನೆ. ಉಳಿದ ದಿನ ಮುಂಜಾನೆ ಬೇಲಿಯುದ್ದಕ್ಕೂ ನಡೆದು, ಎಷ್ಟು ಜಿಂಕೆ, ಎಷ್ಟು ಮರಿ ಎಂದು ಎಣಿಸಿ ಬರುತ್ತೇನೆ. ಆ ಲೆಕ್ಕ ಕೊಡಲು ಯಾವ ಕಚೇರಿಯೂ ಇಲ್ಲ.

ಕಳೆದ ತಿಂಗಳು ಜಯ ಮೀನು ಹಿಡಿಯುವ ಪರವಾನಗಿ ಮಾಡಿಸಿಕೊಳ್ಳಲು ಹೊರಟಳು. ಹತ್ತಿರದ ಊರಿನ ಅಂಗಡಿಯ ಕೌಂಟರಿನಲ್ಲಿ ಒಬ್ಬ ಹುಡುಗಿ ಎತ್ತರ, ಕಣ್ಣಿನ ಬಣ್ಣ ಎಲ್ಲ ಕೇಳಿ ಟೈಪ್ ಮಾಡಿಕೊಂಡಳು. ಟೆಕ್ಸಾಸ್‌ನ ನಿವಾಸಿಯೇ ಎಂದು ಕೇಳಿದಾಗ, ಪ್ರಶ್ನೆ ಮುಗಿಯುವ ಮೊದಲೇ ಜಯ "ಎಸ್" ಎಂದಳು. ಆಮೇಲೆ ನನ್ನನ್ನೂ ಮುಂದಕ್ಕೆ ತಳ್ಳಿದಳು.

"ನಿವಾಸಿಯೇ, ಸರ್?"

ಕಾಡಿನಲ್ಲಿ ಎದುರು ಸಿಕ್ಕ ಪ್ರತಿಯೊಬ್ಬನನ್ನೂ ನಾನು ಮೊದಲು ಕೇಳುತ್ತಿದ್ದದ್ದು "ಯಾವೂರು?" ಎಂದು. ಕಾಡಿನಿಂದ ಹೊರಗಿನ ಹೊಸ ಕಾಲೋನಿಗಳಿಗೆ ನಾವು ಸ್ಥಳಾಂತರಿಸಿದ್ದ ಬುಡಕಟ್ಟಿನ ಹಾಡಿಗಳ ಮುದುಕರು ಆ ಪ್ರಶ್ನೆಗೆ ಬಹಳ ಹೊತ್ತು ಉತ್ತರ ಕೊಡುತ್ತಿರಲಿಲ್ಲ. ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ತಿಳಿದು ನಾನು ಹಾಗೆಯೇ ದಾಖಲಿಸಿದ್ದೂ ಉಂಟು.

ಹುಡುಗಿ ಕೀಬೋರ್ಡಿನ ಮೇಲೆ ಬೆರಳಿಟ್ಟು ಕಾಯುತ್ತಿದ್ದಳು. ಆರು ತಿಂಗಳು ಇಲ್ಲಿ ಇದ್ದಿದ್ದರೆ ಸಾಕು ಎಂದು ಮೆಲ್ಲಗೆ ನೆರವಿಗೆ ಬಂದಳು. ನನ್ನ ಹಿಂದೆ ಇಬ್ಬರು ಸಾಲಿನಲ್ಲಿದ್ದರು. ಹೌದು ಎಂದೆ. ತಿರುಗಿ ನೋಡಿದರೆ ಜಯ ಆಗಲೇ ಎರೆಹುಳುವಿನ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡುತ್ತಿದ್ದಳು.